ತಾನಾಗಿ ಹತ್ತೋ ದೀಪ

ಕಾಡುಗೋಡಿ, 14-3-2011

ಅಕ್ಕನಿಗೆ ನಾಗವೇಣಿಯ ನಮಸ್ಕಾರ. ಇಲ್ಲಿ ಕೆಲಸಕ್ಕೆ ಸೇರ್ಕೊಂಡೆ. ಎಂಟು ಮಹಡಿ ಆಫೀಸು, ಐದನೇ ಮಹಡಿ ಗುಡಿಸಿ ಒರೆಸೋದು ನನ್ನ ಪಾಲಿಗೆ.

ಈ ಬಿಲ್ಡಿಂಗಲ್ಲಿ ಸ್ವಿಚ್ಚೇ ಇಲ್ಲ ಕಣಕ್ಕ. ರೂಮಿನೊಳಕ್ಕೆ ಕಾಲಿಟ್ರೆ ದೀಪ ತಾನೇ ಹತ್ತುತ್ತೆ, ತಣ್ಣಗೆ ಗಾಳಿನೂ ಬರುತ್ತೆ. ದೀಪ ಹತ್ತಿದ ತಕ್ಷಣ ಕೈ ಮುಗೀಬೇಕು ಅಂತ ಅಮ್ಮ ಕಲಿಸಿದ್ದಲ್ವಾ, ಮೊದಲನೇ ದಿನ ಮೂವತ್ತು ರೂಮಲ್ಲೂ ಮುಗಿದೆ. ಕಕ್ಕಸಿನ ದೀಪಕ್ಕೂ ಮುಗಿದೆ.

ಇಲ್ಲಿ ಓದಿದವರು ಕಂಪ್ಯೂಟರ್ ಮುಂದೆ ಅಲ್ಲಾಡದೆ ಕೂತಿರ್ತಾರೆ. ಯಾರೂ ಅಲ್ಲಾಡದಿದ್ರೆ ರೂಮು ಖಾಲಿ ಅನ್ಕೊಂಡು ದೀಪ ಆರಿಹೋಗುತ್ತೆ. ಆಗ ಎಲ್ರೂ ಎರಡೂ ಕೈ ಮೇಲೆತ್ತಿ ಆಡಿಸ್ತಾರೆ, ದೀಪ ಮತ್ತೆ ಹತ್ತುತ್ತೆ. ಇವರಲ್ಲಿ ದೀಪ ಆರಿದ ಮೇಲೆ ಕೈ ಮುಗಿಯೋದು ಅನ್ಕೊಂಡಿದ್ದೆ. ಹಿಂಗೆ ದೀಪ ತಾನೇ ಆರೋದ್ರಿಂದ ಅರ್ಧಕ್ಕರ್ಧ ಕರೆಂಟು ಉಳಿಯುತ್ತಂತೆ. ನಮ್ಮ ಸೂಪರ್‌ವೈಸರ್ ಗ್ಲೋರಿ ಮೇಡಂ ಹೇಳಿದ್ರು.

ನನ್ನ ಮಂಡಿನೋವು ಹಂಗೇ ಇದೆ. ಊಟ ಆದ್ಮೇಲೆ ಸ್ಟೋರ್ ರೂಮಲ್ಲಿ ಕಾಲು ಚಾಚಿ ಹತ್ತು ನಿಮಿಷ ಕೂರ್ತೀನಿ. ಅಷ್ಟರಲ್ಲಿ ದೀಪ ಹೋಗಿ ಕಗ್ಗತ್ತಲು. "ಅಲ್ಲಾಡ್ತಾ ಇರ್ಬೇಕಮ್ಮಾ, ಇಲ್ಲಾಂದ್ರೆ ನೀನಿದೀಯ ಅಂತ ಬಿಲ್ಡಿಂಗಿಗೆ ಹೆಂಗೆ ಗೊತ್ತಾಗುತ್ತೆ?" ಅಂತಾರೆ ಮೇಡಂ.

ಊರಿಂದ ಯಾರಾದ್ರೂ ಈ ಕಡೆ ಬಂದ್ರೆ ಅಮ್ಮನ ಬೀಸಣಿಗೆ ಕೊಟ್ಟು ಕಳಿಸು. ಸೆಕೆಗಲ್ಲ, ಒಳಗೆ ನಾನು ಸ್ವೆಟರ್ ಹಾಕ್ಕೊಂಡೇ ಇರ್ತೀನಿ. ಕೂತಲ್ಲೇ ಬೀಸ್ತಾ ಇದ್ರೆ ನಾನೂ ಇದೀನಿ ಅಂತ ಬಿಲ್ಡಿಂಗಿಗೆ ಗೊತ್ತಾಗುತ್ತೆ.

ನಾಗವೇಣಿ