ಹರಳು ನನ್ನ ಜೇಬಿನಲ್ಲಿತ್ತು

ಅಕ್ಟೋಬರ್ ೧, ಬುಧವಾರ, ಆಯುಧಪೂಜೆ

ಮೊಮ್ಮಗಳು ನಯನಾಳಿಗೆ ನಿಜ ಹೇಳದೆ ಮನೆಗೆ ಬಂದುಬಿಟ್ಟೆ. ಅದೇ ಕೊರೆಯುತ್ತಿತ್ತು.

ಅವಳು ಈಗ ಸಂಶೋಧನೆ ಮಾಡುವ ಪ್ರಯೋಗಾಲಯದಲ್ಲೇ ಹಿಂದೆ ಮೂವತ್ತು ವರ್ಷ ಸಹಾಯಕನಾಗಿ ದುಡಿದವನು ನಾನು. ಪೂಜೆಗೆ ಈಗಲೂ ನನ್ನನ್ನೇ ಕರೆಯುತ್ತಾರೆ. ಅವಳ ಪ್ರಯೋಗದ ಯಂತ್ರಕ್ಕೆ ಕುಂಕುಮ ಇಡುವಾಗ ಒಳಗಿನ ವಜ್ರದ ಹರಳಿಗೂ ಚೂರು ತಾಗಿತು. ಒರೆಸಲೆಂದು ತೆಗೆದೆ. ಅಷ್ಟರಲ್ಲಿ ಯಾರೋ ಪ್ರಸಾದ ಕೇಳಿದರು. ಹರಳನ್ನು ಜೇಬಿಗೆ ಹಾಕಿ ಮರೆತೆ.

ಮಧ್ಯಾಹ್ನ ಅವಳು ಹಸಿರು ಲೇಸರ್ ಬಿಟ್ಟಳು. ಆ ಬೆಳಕಿಗೆ ಹರಳಿನ ಪರಮಾಣುಗಳ ನ್ಯೂಕ್ಲಿಯಸ್‌ಗಳು ಪುಟ್ಟ ಅಯಸ್ಕಾಂತಗಳ ಹಾಗೆ ಒಂದೇ ಕಡೆ ಮುಖ ಮಾಡುತ್ತವೆ. ಬೆಳಕು ಆರಿದ ಮೇಲೂ ಸ್ವಲ್ಪ ಹೊತ್ತು ಒಂದೇ ತಾಳದಲ್ಲಿ ತಿರುಗಿ, ಆಮೇಲೆ ತಾಳ ತಪ್ಪುತ್ತವೆ. ಇವತ್ತು ತಪ್ಪಲೇ ಇಲ್ಲ. ಆ ತಾಳವನ್ನು ತೋರಿಸುವ ಪರದೆಯ ಮೇಲಿನ ಅಲೆ ಅಳಿಯಲೇ ಇಲ್ಲ.

"ನಿಮ್ಮ ಕೈಗುಣ ತಾತ! ಎರಡು ವರ್ಷದಿಂದ ಇದಕ್ಕೇ ಒದ್ದಾಡ್ತಿದ್ದೆ," ಎಂದು ಕುಣಿದಳು. ನಾನು ಜೇಬು ಮುಟ್ಟಿಕೊಂಡೆ. ಹರಳು ಅಲ್ಲೇ ಇತ್ತು.

ಈಗ ತಾನೇ ಫೋನ್ ಮಾಡಿದೆ. ಅವಳಿನ್ನೂ ಪ್ರಯೋಗಾಲಯದಲ್ಲೇ ಇದ್ದಾಳೆ, ಒಬ್ಬಳೇ.

"ಇವತ್ತಿನ ಫಲಿತಾಂಶನ ಯಾರಿಗೂ ಕಳಿಸ್ಬೇಡ ಕಣಮ್ಮ. ಹರಳು ನನ್ನ ಜೇಬಲ್ಲೇ ಉಳ್ಕೊಂಬುಟ್ಟಿದೆ."

ಬಯ್ಯುತ್ತಾಳೆ ಅಂದುಕೊಂಡೆ. ಅವಳು ಪಿಸುದನಿಯಲ್ಲಿ ಕೇಳಿದಳು, "ಅಲೆ ಇನ್ನೂ ಬರ್ತಾನೇ ಇದೆ ತಾತ. ಹಾಗಾದ್ರೆ ಒಳಗಿರೋದು ಏನು?"

ಏನೂ ಮುಟ್ಟಬೇಡ, ಎದ್ದು ಬಾ ಅಂದೆ. ಫೋನ್ ಮೇಜಿನ ಮೇಲಿಟ್ಟ ಸದ್ದಾಯಿತು. ಅವಳ ಹೆಜ್ಜೆ ಕೇಳಿಸುತ್ತಿದೆ, ಆದರೆ ಬಾಗಿಲ ಕಡೆಗೋ, ಯಂತ್ರದ ಕಡೆಗೋ ತಿಳಿಯುತ್ತಿಲ್ಲ.