ಏರಿಯ ಕೆಳಗಿನ ಬೀದಿ

ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಮೊಂಡಿಗೆ,

ಹದಿನೆಂಟು ಮೆಟ್ಟಿಲು ಹತ್ತಿದರೆ ನಿನ್ನ ಬಾಗಿಲು. ಬೆಳಗಿನಿಂದ ಎರಡು ಸಲ ಹತ್ತಿದೆ. ಒಳಗೆ ಹೊಲಿಗೆ ಯಂತ್ರದ ಸದ್ದು ಕೇಳಿತು. ತಟ್ಟಲು ಕೈ ಬರದೆ ಇಳಿದು ಬಂದು ಈ ಕಾಗದಕ್ಕೆ ಕೂತಿದ್ದೇನೆ. ಸಿಟ್ಟು ಬಂದರೆ ಹರಿದು ಹಾಕು. ಆದರೆ ಪೂರ್ತಿ ಓದಿದ ಮೇಲೆ ಹರಿ.

ಮೊನ್ನೆ ಶಾಲೆಯ ಸಭಾಂಗಣದಲ್ಲಿ, ತೀರಿಹೋದವರ ನೆನಪಿಗೆಂದು ಬೀದಿಯವರೆಲ್ಲ ಸೇರಿದ್ದಾಗ, ನೀನು ಎದ್ದು ನಿಂತೆ. "ನಮ್ಮಕ್ಕ ಒಬ್ಳೇ ಇರೋಕೆ ಆಗ್ತಿಲ್ಲ ಬಾ ಅಂತ ಕರೆದಳು. ಅದಕ್ಕೇ ನಾನು ಬದುಕಿದೀನಿ. ಇಲ್ಲದಿದ್ರೆ ಆ ಅಂಗಡೀಲಿ ನಾನಿರ್ತಿದ್ದೆ" ಅಂದೆ. ಆ ಅಂಗಡಿಯಲ್ಲಿ ನಿನ್ನ ಬದಲಿಗೆ ಇದ್ದವಳು ನಿನ್ನ ಗೆಳತಿ. ಅಂಗಿಗೆ ಗುಂಡಿ ಹಾಕುವ ಕೆಲಸಕ್ಕೆಂದು ನಿನ್ನ ಹತ್ತಿರ ಸೇರಿ, ಎಲ್ಲರ ಬಾಯಲ್ಲೂ ಗುಂಡಿಯೇ ಆಗಿಹೋದವಳು. ಅವಳ ತಾಯಿ ಬಂದು ನನ್ನ ಎರಡೂ ಕೈ ಹಿಡಿದು, ಇಬ್ಬರಲ್ಲಿ ಒಬ್ಬಳಾದರೂ ಉಳಿದಳಲ್ಲ, ನಿಮ್ಮ ಪುಣ್ಯ ಎಂದರು. ನಾಚಿ ನೀರಾಗುವುದು ಎಂದರೆ ಏನೆಂದು ಈ ವಯಸ್ಸಿನಲ್ಲಿ ಕಲಿತೆ. ನಾನು ಕೈ ಬಿಡಿಸಿಕೊಳ್ಳಲಿಲ್ಲ, ಬಾಯಿಯನ್ನೂ ಬಿಡಲಿಲ್ಲ.

ಮೊಂಡಿ, ನಾನು ನಿನ್ನನ್ನು ಕರೆದದ್ದು ಒಂಟಿತನಕ್ಕಲ್ಲ.

ನನ್ನ ಕೆಲಸ ನಿನಗೆ ಗೊತ್ತು. ಹತ್ತೊಂಬತ್ತು ವರ್ಷದಿಂದ ಅಣೆಕಟ್ಟುಗಳನ್ನು ನೋಡಿಬಂದು ದೇಶದ ಪಟ್ಟಿ ತುಂಬುತ್ತೇನೆ. ಪ್ರತಿ ಅಣೆಕಟ್ಟಿಗೂ ಎರಡು ಖಾನೆ, ಒಂದು ಸ್ಥಿತಿ, ಇನ್ನೊಂದು ಅಪಾಯ. ಎರಡೂ ಒಂದೇ ಅಲ್ಲವೇನೇ ಎಂದು ನೀನು ಕೇಳಿದ್ದಾಗ ನಿನ್ನ ಭಾವ ಹೇಳಿದ್ದು ನೆನಪಿದೆಯಾ? ಹುಲಿಯ ಬೋನು ಎಷ್ಟು ಗಟ್ಟಿಯಿದೆ ಅನ್ನುವುದು ಸ್ಥಿತಿ, ಬೋನಿನ ಮುಂದೆ ಎಷ್ಟು ಜನ ಕೂತಿದ್ದಾರೆ ಅನ್ನುವುದು ಅಪಾಯ. ನೀನು ನಕ್ಕು, ನಾನಂತೂ ಮುಂದಿನ ಸಾಲಿನಲ್ಲೇ ಕೂತಿದೀನಿ ಅಂದಿದ್ದೆ.

ನಮ್ಮೂರಿನದು ಮಣ್ಣಿನ ಏರಿ. ಕಟ್ಟಿದಾಗ ಕೆಳಗೆ ಬರೀ ಹುಲ್ಲುಗಾವಲು. ಅಪಾಯ 'ಕಡಿಮೆ' ಎಂದು ಬರೆದರು, ಆಗ ಅದು ಸರಿಯೇ. ಆಮೇಲೆ ಹುಲ್ಲುಗಾವಲಿನಲ್ಲಿ ಬೀದಿಯಾಯಿತು. ಮುನ್ನೂರು ಮನೆ, ಶಾಲೆ, ಸೈಕಲ್ ರಿಪೇರಿಯವನು, ನಿನ್ನ ಹೊಲಿಗೆ ಅಂಗಡಿ ಎಲ್ಲ ಬಂದವು. ಖಾನೆಯಲ್ಲಿ ಮಾತ್ರ ಹುಲ್ಲೇ ಬೆಳೆಯುತ್ತಿತ್ತು. ವರ್ಷವರ್ಷವೂ ಹಿಂದಿನ ವರ್ಷದ್ದನ್ನು ನೋಡಿ 'ಕಡಿಮೆ' ಎಂದು ಇಳಿಸಿಕೊಂಡವಳು ನಾನೇ.

ಹೋದ ವರ್ಷ ತಪಾಸಣೆಗೆ ಹೋದಾಗ ಏರಿಯ ಬುಡದಲ್ಲಿ ಒಂದು ಕಡೆ ನೀರು ಒಸರುತ್ತಿತ್ತು. ಮಣ್ಣಿನ ಏರಿ ಅಷ್ಟಿಷ್ಟು ಒಸರುವುದು ಸಹಜ. ನೀರು ತಿಳಿಯಾಗಿದ್ದರೆ ಅಷ್ಟು ಹೆದರಬೇಕಿಲ್ಲ. ಗಾಜಿನ ಲೋಟದಲ್ಲಿ ಹಿಡಿದು ಕಲ್ಲಿನ ಮೇಲಿಟ್ಟು ಕಾದೆ. ತಳದಲ್ಲಿ ಕೆಸರು ಕೂತಿತು. ಏರಿಯ ಹೊಟ್ಟೆಯೊಳಗಿನ ಮಣ್ಣನ್ನೇ ನೀರು ಹೊತ್ತು ತರುತ್ತಿತ್ತು.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡೆ. ಸಾಹೇಬರಿಗೂ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಕೆಳಗೆ ಮನೆಗಳಿವೆ ಅಂತ ಬರೆದರೆ, ಇಷ್ಟು ವರ್ಷ ಯಾಕೆ ಬರೀಲಿಲ್ಲ ಅಂತ ನಿಮ್ಮನ್ನೇ ಕೇಳ್ತಾರಮ್ಮ. ಇದ್ದ ಹಾಗೆ ಇರಲಿ ಬಿಡಿ" ಎಂದರು. ಎಲ್ಲವನ್ನೂ ಅವರ ತಲೆಗೆ ಕಟ್ಟಿ ನಾನು ಪಾರಾಗಬಹುದು. ಆದರೆ ಅವರು ಬೆದರಿಸಲಿಲ್ಲ. ನನ್ನ ಬಡ್ತಿಯ ಕಡತ ಆಗ ಅವರ ಮೇಜಿನ ಮೇಲಿತ್ತು, ನನ್ನ ಕಣ್ಣು ಅದರ ಮೇಲಿತ್ತು. ವರದಿಯಲ್ಲಿ 'ಬುಡದಲ್ಲಿ ತೇವ ಕಂಡಿದೆ' ಎಂದು ಬರೆದೆ. ಸ್ಥಿತಿ ತೃಪ್ತಿಕರ, ಅಪಾಯ ಕಡಿಮೆ. ಸಹಿ ನನ್ನದು.

ಅದೇ ವಾರ ನಿನ್ನ ಅಂಗಡಿಗೆ ಬಂದು ನಿನ್ನೆದುರು ಕೂತು ಅತ್ತುಬಿಟ್ಟೆ. ನಿನ್ನ ಭಾವ ಹೋದ ಮೇಲೆ ಗೋಡೆಯ ಜೊತೆ ಮಾತಾಡುವ ಹಾಗಾಗಿದೆ, ಮೇಲಿನ ಮನೆ ಖಾಲಿಯಿದೆ, ಬಂದುಬಿಡು ಅಂದೆ. ಅಳು ನಿಜ, ಕಾರಣ ಸುಳ್ಳು. ನನ್ನ ಮನೆ ಊರಿನ ಎತ್ತರದ ಕಡೆ, ಏರಿ ಒಡೆದರೂ ಅಲ್ಲಿಗೆ ನೀರು ಬರುವುದಿಲ್ಲ ಎಂಬುದಷ್ಟೇ ನನ್ನ ಲೆಕ್ಕ. ನೀನು ಮೂರು ದಿನ ಮೊಂಡು ಹಿಡಿದೆ. ಹನ್ನೊಂದು ವರ್ಷ ಕಟ್ಟಿ ಬೆಳೆಸಿದ ಅಂಗಡಿ, ಹೆಸರು ಹಿಡಿದು ಕೂಗುವ ಗಿರಾಕಿಗಳು. ನಾಲ್ಕನೇ ದಿನ, "ಆಯ್ತು ಬಿಡೇ. ಬಟ್ಟೆ ಎಲ್ಲಿದ್ರೂ ಹೊಲೀಬಹುದು, ಅಕ್ಕ ಎಲ್ಲಿ ಸಿಗ್ತಾಳೆ" ಅಂದೆ. ಮುನ್ನೂರು ಮನೆಗಳಲ್ಲಿ ಒಂದನ್ನು ಮಾತ್ರ ಖಾಲಿ ಮಾಡಿಸಿ ಸುಮ್ಮನಾದೆ.

ಈ ಮಳೆಗಾಲದಲ್ಲಿ, ಬಿಡದೆ ಸುರಿದ ಮಳೆಯ ಐದನೇ ದಿನ, ಮಧ್ಯಾಹ್ನ ಮೂರಕ್ಕೆ, ಏರಿ ಜರಿಯಿತು. ನಾನು ಕಚೇರಿಯಲ್ಲಿದ್ದೆ. ಆರು ಜನ ಹೋದರೆಂದು ಫೋನ್ ಬಂತು. ಗುಂಡಿ ಹೊರಗೆ ಓಡಿದವಳು, ಗಿರಾಕಿಗಳ ಬಟ್ಟೆ ನೆನೆಯುತ್ತವೆಂದು ಮತ್ತೆ ಒಳಗೆ ಹೋದಳಂತೆ. ಫೋನ್ ಇಟ್ಟ ಮೇಲೆ ಮೊದಲು ಮನಸ್ಸಿಗೆ ಬಂದದ್ದು, ಸದ್ಯ, ಮೊಂಡಿ ಅಲ್ಲಿಲ್ಲ ಎಂದು. ಅದರ ಹಿಂದೆಯೇ ಬಂದದ್ದು, ಟಿಪ್ಪಣಿ ಪುಸ್ತಕವನ್ನು ಎಲ್ಲಿಟ್ಟೆ ಎಂದು. ಆ ಆರು ಜನರ ನೆನಪು ಬಂದದ್ದು ಮೂರನೆಯದಾಗಿ. ಈ ಸರದಿಯನ್ನು ನಾನು ಯಾರಿಗೂ ಹೇಳಿಲ್ಲ.

ಒಂದು ತಿಂಗಳು ಆ ಪುಸ್ತಕ ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿತ್ತು. ಸುಡಬೇಕೆಂದು ಒಮ್ಮೆ ಒಲೆ ಹಚ್ಚಿದೆ. ಅಷ್ಟರಲ್ಲಿ ನೀನು ಮೇಲಿನಿಂದ ಇಳಿದು ಬಂದು, ಟೀ ಇಡ್ತಿದೀಯಾ, ನನಗೂ ಒಂದು ಲೋಟ ಅಂದೆ. ಇಬ್ಬರೂ ಕುಡಿದೆವು.

ನಾಳೆ ಹತ್ತು ಗಂಟೆಗೆ ಏರಿ ಜರಿದದ್ದರ ವಿಚಾರಣೆ. ಪುಸ್ತಕ ಕೊಡುತ್ತೇನೆ. ಅದರ ಜೊತೆ ಇನ್ನೊಂದು ಪಟ್ಟಿಯಿದೆ. ಕೆಳಗಿಳಿದು ನೋಡದೆ ಹಿಂದಿನ ವರ್ಷದ ದರ್ಜೆಯನ್ನೇ ನಾನು ನಕಲು ಮಾಡಿದ ಬೇರೆ ಅಣೆಕಟ್ಟುಗಳು ಅರವತ್ತಮೂರು. ದೇಶದ ನಾಲ್ಕೂ ಮೂಲೆಯಲ್ಲಿವೆ. ಅವುಗಳ ಕೆಳಗೆ ಈಗ ಹುಲ್ಲಿದೆಯೋ ಮನೆಗಳಿವೆಯೋ ನನಗೆ ಗೊತ್ತಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಳು ಅನ್ನುತ್ತಾರೆ, ಅನ್ನಲಿ. ಆ ಅರವತ್ತಮೂರು ಕೋಟೆಗಳು ಇನ್ನೂ ನಿಂತಿವೆ. ಇದು ತಿಳಿದು ನಿನ್ನೆ ಸಾಹೇಬರು ಫೋನ್ ಮಾಡಿ, "ನೀವು ಮುಳುಗೋದಲ್ಲದೆ ನಮ್ಮನ್ನೂ ಮುಳುಗಿಸ್ತೀರಾ?" ಎಂದು ಕೇಳಿದರು. ಆ ಮಾತು ಅವರ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ಯೋಚಿಸುತ್ತಲೇ ಫೋನ್ ಇಟ್ಟೆ.

ಕೆಲಸ ಹೋಗುತ್ತದೆ. ಜೈಲೂ ಆಗಬಹುದು. ನೀನು ನನ್ನ ಜೊತೆ ಬರಬೇಡ. ಒಂಟಿಯಾಗಿದ್ದ ಅಕ್ಕನ ಕಥೆಯನ್ನು ಇನ್ನು ಯಾರಿಗೂ ಹೇಳಬೇಡ, ಅಷ್ಟೇ ನನ್ನ ಬೇಡಿಕೆ. ಕ್ಷಮಿಸು ಎಂದು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದ್ದೇನೆ. ಅದನ್ನು ಕೇಳಬೇಕಾದದ್ದು ಮೊದಲು ನಿನ್ನನ್ನಲ್ಲ.

ನಿನ್ನ,
ಅಕ್ಕ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನೀನು ಬಿಟ್ಟ ಅಂಗಡಿಯನ್ನು ಹಿಡಿಯುವ ಮುಂಚೆ ಗುಂಡಿ ನನ್ನ ಕಚೇರಿಗೆ ಬಂದಿದ್ದಳು. "ಅಕ್ಕ, ನೀವು ಏರಿ ನೋಡೋರು. ಅಲ್ಲಿ ಅಂಗಡಿ ಇಡಬಹುದಾ?" ಎಂದು ಕೇಳಿದಳು. ಬೇಡ ಅಂದಿದ್ದರೆ ಯಾಕೆ ಅನ್ನುತ್ತಿದ್ದಳು. ಏನೂ ಆಗಲ್ಲ, ಧೈರ್ಯವಾಗಿ ತಗೋ ಅಂದೆ. ಈ ಮಾತು ಯಾವ ಪುಸ್ತಕದಲ್ಲೂ ಇಲ್ಲ, ಕೇಳಿಸಿಕೊಂಡವಳೂ ಇಲ್ಲ. ಇವತ್ತು ಸಂಜೆ ಅವಳ ತಾಯಿಯ ಮನೆಗೆ ಹೋಗುತ್ತಿದ್ದೇನೆ.