ಅಣ್ಣನ ಬೆನ್ನು ಯಾರೂ ಮುಟ್ಟಬೇಡಿ

ಅತ್ತಿಗೆ,

ಮಾಲೀಸಿನವನನ್ನು ಕರೆದುಕೊಂಡು ಬಂದಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸಿ. ಅಣ್ಣನ ಬೆನ್ನಿಗೆ ಅವನ ಕೈ ತಾಗಿದರೆ ನಾನು ಮನುಷ್ಯನಾಗಿರಲ್ಲ. ಫೋನಲ್ಲಿ ಹೇಳೋಣ ಅಂದ್ರೆ ನಿಮ್ಮ ಫೋನು ಒಲೆ ಪಕ್ಕ ಹಾಡುತ್ತಾ ಕೂತಿದೆ.

ಮೂಳೆ ಡಾಕ್ಟರಿಗೆ ಈಗ ಫೋನ್ ಮಾಡಿದ್ದೆ. ಬೆನ್ನುಮೂಳೆ ಬೆಸೆದುಕೊಳ್ಳೋ ಈ ವಾತದಲ್ಲಿ ಮೂಳೆ ಗಟ್ಟಿಯಾಗಲ್ಲವಂತೆ, ಒಳಗೊಳಗೇ ಟೊಳ್ಳಾಗುತ್ತಂತೆ. ತುಕ್ಕು ತಿಂದ ಪೈಪಿನ ಹಾಗೆ. ದಿನಾ ವೆಲ್ಡಿಂಗ್ ಮಾಡೋ ನನಗೇ ಹೊಳೀಲಿಲ್ಲ. ನಿನ್ನೆ ಬಚ್ಚಲಲ್ಲಿ ಜಾರಿ ಬಿದ್ದನಲ್ಲ, ಮುರಿಯೋಕೆ ಅಷ್ಟೇ ಸಾಕಂತೆ. ಸ್ಕ್ಯಾನ್ ಆಗಲೇಬೇಕು ಅಂದ್ರು. ಮೂಲೆ ಕ್ಲಿನಿಕ್ಕಿನ ಮಹಾಶಯ ಮಾತ್ರ "ಹಳೇ ನೋವೇ ಬಿಡಿ" ಅಂತ ಮುಲಾಮು ಕೊಟ್ಟ. ಹತ್ತು ವರ್ಷ ಮಾತ್ರೆ ಬರೆದವನು ಮೂಳೆ ಟೊಳ್ಳಾಗುತ್ತೆ ಅಂತ ಒಂದು ಸಲ ಹೇಳಿದ್ದರೆ ಅವನ ಗಂಟೇನು ಹೋಗ್ತಿತ್ತು? ಅಣ್ಣನೂ "ಹಳೇದೇ ಕಣೋ, ಬೆನ್ನ ಮೇಲೆ ಹತ್ತಿ ತುಳಿ" ಅಂದ. ಯಾವಾಗಲೂ ತುಳಿಯೋ ಹಾಗೆ ನಾನೂ ಕಾಲಿಟ್ಟೆ. ಅವನು ಕಿರುಚಿದ್ದು ನೀವೂ ಕೇಳಿದ್ರಿ.

ಅವನನ್ನು ಎಬ್ಬಿಸಬೇಡಿ, ಕೂರಿಸಬೇಡಿ. ವಾತಕ್ಕೆ ಬಗ್ಗಿದ ಕತ್ತು ಬಗ್ಗಿದ ಹಾಗೇ ಇರಲಿ. ದಿಂಬು ತೆಗೆದು ನೆಟ್ಟಗೆ ಮಾಡೋ ಉಪಕಾರ ಬೇಡ. ಗಿರಾಕಿ ಕಾಯ್ತಾರೆ, ಕ್ಷೌರದಂಗಡಿ ತೆಗೀಬೇಕು ಅಂತ ಅವನು ರಾಗ ಎಳೆದರೆ ನನ್ನ ಪಾಲಿಂದೂ ಸೇರಿಸಿ ಬೈಯಿರಿ.

ಆಂಬುಲೆನ್ಸ್ ಗಲ್ಲಿಯೊಳಗೆ ಬರಲ್ಲ. ಸ್ಟ್ರೆಚರ್ ತರೋಕೆ ತಿರುವಿಗೆ ಹೋಗಿದ್ದೀನಿ.

ನೀವು ಅವನ ಕಾಲ ಬಳಿ ಕೂತು ಬೆರಳು ಆಡಿಸು ಅನ್ನಿ. ನಾನು ಹೊರಡುವಾಗ ಆಡಿಸಿದ. ನಾನು ಬರೋವರೆಗೂ ಆಡಿಸ್ತಾನೇ ಇರಬೇಕು ಅಂತ ಹೇಳಿ.